ವಕೀಲರ ಪಟ್ಟಿಯಲ್ಲಿ ನೆಲದ ಕತೆ

ದಂತವೈದ್ಯರು ಬೋರ್ಡಿನ ಮೇಲೆ ನಗುವ ಬಾಯಿಯ ಚಿತ್ರ ಹಾಕಿಸಬಹುದು. ವಕೀಲರಿಗೆ ಆ ಭಾಗ್ಯವಿಲ್ಲ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದ ಪ್ರಕಾರ ಅವರು ಜಾಹೀರಾತು ಕೊಡುವಂತಿಲ್ಲ. ನಾಮಫಲಕ ಮಿತವಾದ ಅಳತೆಯದಾಗಿರಬೇಕು. ಇಂಥ ಬಗೆಯ ಕೆಲಸದಲ್ಲಿ ತಾನು ಪರಿಣತ ಎಂದು ಅದರ ಮೇಲೆ ಬರೆಸುವುದೂ ತಪ್ಪು. 2008ರಲ್ಲಿ ಈ ನಿಯಮ ಒಂದಿಷ್ಟು ಸಡಿಲಾಯಿತು. ಜಾಲತಾಣದಲ್ಲಿ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ವಿದ್ಯಾರ್ಹತೆ, ಜೊತೆಗೆ ತಾವು ಕೆಲಸ ಮಾಡುವ ಕ್ಷೇತ್ರಗಳನ್ನು ಹೇಳಿಕೊಳ್ಳಬಹುದು ಎಂದಾಯಿತು. ಬಾಯಿಬಿಟ್ಟು ಹೊಗಳಿಕೊಳ್ಳಲಾಗದ ವೃತ್ತಿಗೆ ಹೀಗೆ ಒಂದು ಪಟ್ಟಿ ದಕ್ಕಿತು.

ಬೆಂಗಳೂರಿನ ಮೂವತ್ತು ನಲವತ್ತು ವಕೀಲರಿರುವ ಯಾವುದೇ ಕಾರ್ಪೊರೇಟ್ ಲಾ ಫರ್ಮಿನ ಪಟ್ಟಿ ತೆಗೆದರೂ ಹೆಚ್ಚುಕಡಿಮೆ ಒಂದೇ ಸಾಲುಗಳು: ಕಂಪನಿ ವ್ಯವಹಾರ, ವಿದೇಶಿ ಹೂಡಿಕೆ, ಷೇರುಪೇಟೆ, ಸಾಲ ವಸೂಲಿ ಮತ್ತು ದಿವಾಳಿ, ಕಾರ್ಮಿಕ ಕಾನೂನು, ಮಧ್ಯಸ್ಥಿಕೆ, ರಿಯಲ್ ಎಸ್ಟೇಟ್. ಅಂಥದೊಂದು ಕಚೇರಿಯಲ್ಲಿ ಕೆಲವು ವರ್ಷ ಜಮೀನಿನ ದಾಖಲೆ ಓದುವ ಕೆಲಸ ಮಾಡಿದ ನನಗೆ ಈ ಪಟ್ಟಿ ಸೇವೆಗಳ ವಿವರದಂತೆ ಕಾಣುವುದಿಲ್ಲ. ಬಾವಿ ತೋಡುವಾಗ ಗೋಡೆಯಲ್ಲಿ ಕಾಣುವ ಮಣ್ಣಿನ ಪದರಗಳಂತೆ ಕಾಣುತ್ತದೆ. ಒಂದೊಂದು ಸಾಲೂ ಯಾವುದೋ ಒಂದು ವರ್ಷದ ಯಾವುದೋ ಒಂದು ಕಾಯ್ದೆಯಿಂದ ಹುಟ್ಟಿದ್ದು.

ಇಂಥ ಕಚೇರಿ ನಮ್ಮ ಸೀಮೆಯ ಬೆಳೆ ಅಲ್ಲ. ಮುಂಬಯಿಯಲ್ಲಿ ಕ್ರಾಫರ್ಡ್ ಬೇಲಿ ಶುರುವಾದದ್ದು 1830ರಲ್ಲಿ, ಮುಲ್ಲಾ ಅಂಡ್ ಮುಲ್ಲಾ 1895ರಲ್ಲಿ. ಅಲ್ಲಿಯೂ ಕಲ್ಕತ್ತೆಯಲ್ಲಿಯೂ ಹೈಕೋರ್ಟಿನ ಮೂಲ ವಿಭಾಗದಲ್ಲಿ ಕಾಗದಪತ್ರ ಮಾಡುವ ಸಾಲಿಸಿಟರ್ ಬೇರೆ, ನಿಂತು ವಾದಿಸುವವರು ಬೇರೆ. ಮೈಸೂರು ಸೀಮೆಯ ವಕೀಲರು ಎರಡನ್ನೂ ತಾವೇ ಮಾಡುತ್ತಿದ್ದರು. ಮೇಲಾಗಿ 1956ರ ಕಂಪನಿ ಕಾಯ್ದೆಯ ಪ್ರಕಾರ ಪಾಲುದಾರಿಕೆಯಲ್ಲಿ ಇಪ್ಪತ್ತು ಜನಕ್ಕಿಂತ ಹೆಚ್ಚು ಇರುವಂತಿರಲಿಲ್ಲ. ಈ ಕಟ್ಟು ಸಡಿಲವಾದದ್ದು 2008ರಲ್ಲಿ ಸೀಮಿತ ಹೊಣೆಯ ಪಾಲುದಾರಿಕೆಯ ಕಾಯ್ದೆ ಬಂದ ಮೇಲೆ.

ಪಟ್ಟಿಯ ಮೇಲಿನ ಸಾಲುಗಳನ್ನು ಬೇಗ ದಾಟಬಹುದು. 1969ರ ಏಕಸ್ವಾಮ್ಯ ಕಾಯ್ದೆ, 1973ರ ಫೆರಾ, ಇವುಗಳ ಕಾಲದಲ್ಲಿ ಕಂಪನಿ ವಕೀಲರ ಕೆಲಸವೆಂದರೆ ದೆಹಲಿಗೆ ಅರ್ಜಿ ಬರೆಯುವುದು. ಹೊಸ ಷೇರನ್ನು ಎಷ್ಟು ರೂಪಾಯಿಗೆ ಮಾರಬೇಕೆಂಬುದಕ್ಕೂ ಸರ್ಕಾರದ ಒಪ್ಪಿಗೆ ಬೇಕಿತ್ತು. 1992ರಲ್ಲಿ ಆ ನಿಯಂತ್ರಣ ಹೋಯಿತು, ಸೆಬಿಗೆ ಕಾನೂನಿನ ಬಲ ಬಂತು. ಮರುವರ್ಷ ಇನ್ಫೋಸಿಸ್ ಹತ್ತು ರೂಪಾಯಿ ಮುಖಬೆಲೆಯ ಷೇರನ್ನು 95 ರೂಪಾಯಿಗೆ ಮಾರಾಟಕ್ಕಿಟ್ಟಿತು. ಅರ್ಜಿ ಬರೆಯುತ್ತಿದ್ದವರು ಒಪ್ಪಂದ ಬರೆಯತೊಡಗಿದರು. ದಿವಾಳಿಯ ಸಾಲು 2016ರ ಸಂಹಿತೆಯ ಕೂಸು. ಅದಕ್ಕೂ ಮುಂಚೆ ರೋಗಗ್ರಸ್ತ ಕಂಪನಿಗಳು 1985ರ ಕಾಯ್ದೆಯ ಆಸರೆಯಲ್ಲಿ ವರ್ಷಗಟ್ಟಲೆ ಮಲಗಿರುತ್ತಿದ್ದವು.

ನಾನು ನಿಲ್ಲಬೇಕಾದದ್ದು ಕೊನೆಯ ಸಾಲಿನ ಮುಂದೆ. ರಿಯಲ್ ಎಸ್ಟೇಟ್ ಎಂಬ ಪದದ ಕೆಳಗೆ ಬೆಂಗಳೂರಿನ ಕಚೇರಿಯಲ್ಲಿ ನಡೆಯುವ ಮುಖ್ಯ ಕೆಲಸ ಟೈಟಲ್ ನೋಡುವುದು. ಟೆಕ್ ಪಾರ್ಕ್ ಕಟ್ಟುವ ಕಂಪನಿಗೆ ಹತ್ತು ಎಕರೆ ಬೇಕು. ಆ ಹತ್ತು ಎಕರೆ ಏಳೆಂಟು ಸರ್ವೆ ನಂಬರುಗಳಲ್ಲಿ ಹರಿದು ಹಂಚಿಹೋಗಿರುತ್ತದೆ. ಕ್ರಯಪತ್ರ, ಪಹಣಿ, ಮ್ಯುಟೇಷನ್, ಋಣಭಾರ ಪ್ರಮಾಣಪತ್ರ, ವಂಶವೃಕ್ಷ ಎಲ್ಲವನ್ನೂ ಗುಡ್ಡೆ ಹಾಕಿಕೊಂಡು ಹಿಂದಕ್ಕೆ ಹಿಂದಕ್ಕೆ ಓದುತ್ತಾ ಹೋಗಬೇಕು. ಗಾಜಿನ ಕಟ್ಟಡದ ಕಂಪನಿಗಾಗಿ ಓದಲು ಕೂತವರು ಕೊನೆಗೆ ಹೋಗಿ ನಿಲ್ಲುವುದು ಯಾವುದೋ ಊರಿನ ನೀರಗಂಟಿಯ ಮುಂದೆ. ಮೈಸೂರು ಸಂಸ್ಥಾನದ ಇನಾಮುಗಳನ್ನು 1954 ಮತ್ತು 1955ರ ಕಾಯ್ದೆಗಳು ರದ್ದು ಮಾಡಿದವು. ತಳವಾರ, ತೋಟಿ, ನೀರಗಂಟಿಯರಿಗೆ ಚಾಕರಿಗಾಗಿ ಬಿಟ್ಟಿದ್ದ ಜಮೀನಿಗೆ 1961ರಲ್ಲಿ ಇನ್ನೊಂದು ಕಾಯ್ದೆ ಬಂತು. ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ 1974ರ ಮಾರ್ಚ್ 1ಕ್ಕೆ ಗೇಣಿ ಜಮೀನುಗಳೆಲ್ಲ ಸರ್ಕಾರದ ವಶಕ್ಕೆ ಬಂದವು. ಉಳುವವರು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ ಭೂನ್ಯಾಯ ಮಂಡಳಿಯ ಮುಂದೆ ನಿಂತರು. ಆ ಅರ್ಜಿಗಳ ಕಡತ ಇವತ್ತಿಗೂ ಟೈಟಲ್ ನೋಡುವವರು ತೆಗೆಸಿ ಓದಲೇಬೇಕಾದ ಕಾಗದ.

ಇವೆಲ್ಲಕ್ಕಿಂತ ಕಚೇರಿಗಳು ಹೆದರುವುದು ಪಿಟಿಸಿಎಲ್‌ಗೆ. ಪರಿಶಿಷ್ಟ ಜಾತಿ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ಪರಭಾರೆಯನ್ನು ತಡೆಯುವ 1978ರ ಕಾಯ್ದೆ ಇದು. ಮಂಜೂರಾತಿಯ ಷರತ್ತು ಮೀರಿ ಮಾರಿದ್ದರೆ, ಅದು ಕಾಯ್ದೆಗಿಂತ ಮುಂಚಿನ ಮಾರಾಟವೇ ಆಗಿದ್ದರೂ, ಕ್ರಯ ಅನೂರ್ಜಿತ. ಉಪವಿಭಾಗಾಧಿಕಾರಿ ಜಮೀನನ್ನು ವಶಕ್ಕೆ ತೆಗೆದುಕೊಂಡು ಮಂಜೂರಾದವರಿಗೋ ಅವರ ವಾರಸುದಾರರಿಗೋ ಹಿಂದಿರುಗಿಸಬಹುದು. ಮಂಚೇಗೌಡ ಪ್ರಕರಣದಲ್ಲಿ 1984ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಮಗಳ ಮದುವೆಗೆ, ಆಸ್ಪತ್ರೆಗೆ, ಸಾಲಕ್ಕೆ ಎಂದು ಎರಡು ಎಕರೆಯನ್ನು ಸಿಕ್ಕಿದ ಬೆಲೆಗೆ ಕೊಟ್ಟುಬಿಡುವ ಸ್ಥಿತಿಯಲ್ಲಿರುವವರನ್ನು ಕಣ್ಣಮುಂದೆ ಇಟ್ಟುಕೊಂಡೇ ಈ ಕಾನೂನು ಬರೆದಂತಿದೆ.

ಟೈಟಲ್ ರಿಪೋರ್ಟಿನಲ್ಲಿ ಅವರು ಹೇಗೆ ಬರುತ್ತಾರೆ? ‘ಅಪಾಯ’ ಎಂಬ ಶೀರ್ಷಿಕೆಯ ಕೆಳಗೆ, ಒಂದು ಪ್ಯಾರಾ ಆಗಿ. ಸಾಗುವಳಿ ಚೀಟಿಯಲ್ಲಿ ಹೆಬ್ಬೆಟ್ಟು ಒತ್ತಿದವರ ಮೊಮ್ಮಕ್ಕಳು ಎಲ್ಲಿದ್ದಾರೆ, ಅವರಲ್ಲಿ ಯಾರಾದರೂ ಅರ್ಜಿ ಹಾಕುವ ಸಂಭವ ಎಷ್ಟು ಎಂಬ ಲೆಕ್ಕ. ಹೀಗೆ ಬರೆಯುವವರನ್ನು ನಾನು ದೂರುವುದಿಲ್ಲ. ಕೊಳ್ಳುವವರಿಗೆ ಇರುವ ತೊಡಕನ್ನು ಕೊಳ್ಳುವವರ ವಕೀಲರು ಹೇಳಲೇಬೇಕು. ಆದರೆ ಒಂದೇ ಕಾಗದ ಒಬ್ಬರಿಗೆ ರಕ್ಷಣೆ, ಇನ್ನೊಬ್ಬರಿಗೆ ದೋಷ. ಪಟ್ಟಿ ಇರುವುದು ಎರಡನೆಯವರಿಗಾಗಿ. ಮಂಜೂರುದಾರರ ಪರ ಎಂಬ ಸಾಲನ್ನು ನಾನು ಯಾವ ಕಾರ್ಪೊರೇಟ್ ಕಚೇರಿಯ ಪಟ್ಟಿಯಲ್ಲೂ ಕಂಡಿಲ್ಲ. ಅವರಿಗೆ ಸಿಗುವುದು ತಾಲೂಕು ಕೋರ್ಟಿನ ಬೇವಿನ ಮರದ ಕೆಳಗೆ ಕೂರುವ ವಕೀಲರು. ಅವರ ಮೇಜಿನ ಮೇಲೆ ಎಂಥ ಪಟ್ಟಿಯೂ ಇರುವುದಿಲ್ಲ, ಬಂದ ಕೇಸೆಲ್ಲ ಅವರ ಕ್ಷೇತ್ರವೇ.

ಪದರಗಳು ಈಗಲೂ ಬೀಳುತ್ತಿವೆ. ಇಂಥ ಅರ್ಜಿಯನ್ನು ಸಮಂಜಸ ಅವಧಿಯೊಳಗೆ ಹಾಕಬೇಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಹೇಳಿತು. ತಡವಾಯಿತು ಎಂಬ ಒಂದೇ ಕಾರಣಕ್ಕೆ ಅರ್ಜಿಗಳು ಬೀಳತೊಡಗಿದವು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆದಿದ್ದ 79 ಎ ಮತ್ತು ಬಿ ಕಲಮುಗಳನ್ನು ರಾಜ್ಯ 2020ರಲ್ಲಿ ತೆಗೆದುಹಾಕಿತು. ನಮ್ಮ ರಿಪೋರ್ಟುಗಳಲ್ಲಿ ಎರಡು ಪುಟ ಕಡಿಮೆಯಾದವು. 2023ರಲ್ಲಿ ಪಿಟಿಸಿಎಲ್ ಕಾಯ್ದೆಗೆ ಇನ್ನೊಂದು ತಿದ್ದುಪಡಿ ಬಂದು, ಅರ್ಜಿ ಹಾಕಲು ಕಾಲಮಿತಿಯೇ ಇಲ್ಲ ಎಂದಾಯಿತು. ಮುಗಿಸಿ ಕಪಾಟಿಗೆ ಏರಿಸಿದ್ದ ಕಡತಗಳನ್ನು ಮತ್ತೆ ಇಳಿಸಿ, ಸಾಗುವಳಿ ಚೀಟಿಯ ತಾರೀಖಿನಿಂದ ಓದಬೇಕಾಯಿತು.