ಹಳೆಯ ಡಿಜಿಟಲ್ ಪೆಟ್ಟಿಗೆಗೂ ಒಂದು ದನಿಯಿದೆ

ಸುಗ್ಗಿ ಮುಗಿದು ಕೈ ಬಿಡುವಾದ ಮೇಲೆ ಹೊಸದುರ್ಗದ ಸುತ್ತಮುತ್ತಲ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಮಾತು ಏಳುತ್ತದೆ. 'ಕುರುಕ್ಷೇತ್ರ' ಆಡುವುದೆಂದು ತೀರ್ಮಾನವಾದರೆ ಊರಿನವರು ಮೊದಲು ಹುಡುಕುವುದು ಹಾರ್ಮೋನಿಯಂ ಮಾಸ್ತರನ್ನು. ಪದ್ಯ ಹೇಳಿಕೊಡುವವರು, ತಾಳ ತಿದ್ದುವವರು, ನಾಟಕದ ರಾತ್ರಿ ಬೆಳಗಿನವರೆಗೆ ಶ್ರುತಿ ಹಿಡಿದು ಕೂರುವವರು ಅವರೇ. ಈಗೀಗ ಅವರ ಪಕ್ಕದಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಒಂದು ಕಪ್ಪು ಕೀಬೋರ್ಡೂ ಇರುತ್ತದೆ. ಕೃಷ್ಣನ ಪ್ರವೇಶಕ್ಕೆ ಕೊಳಲು, ಯುದ್ಧಕ್ಕೆ ಶಂಖ, ದ್ರೌಪದಿಯ ಅಳಲಿಗೆ ಪಿಟೀಲು, ಎಲ್ಲವೂ ಅದೊಂದರಿಂದಲೇ. ಮುಂದಿನ ಸಾಲಿನ ಹಿರಿಯರು ಮಾತ್ರ, 'ಅದು ಮಿಷಿನ್ನು ಕಣಪ್ಪ, ವಾದ್ಯ ಅಲ್ಲ' ಎಂದು ತಲೆಯಾಡಿಸುತ್ತಾರೆ.

ಸ್ವಾರಸ್ಯವೆಂದರೆ, ಇದೇ ಮಾತನ್ನು ಒಂದು ಕಾಲದಲ್ಲಿ ಹಾರ್ಮೋನಿಯಂ ಕೂಡ ಕೇಳಿಸಿಕೊಂಡಿತ್ತು. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದಬ್ಯಾಂ ಹಕ್ಕುಪತ್ರ ಪಡೆದ ಈ ವಾದ್ಯ ಪರದೇಶಿಯದು, ಅದರ ಸ್ವರಗಳು ನಮ್ಮ ಶ್ರುತಿಗೆ ಹೊಂದುವುದಿಲ್ಲ, ಗಮಕ ಅದಕ್ಕೆ ಒಲಿಯುವುದಿಲ್ಲ ಎಂಬುದು ದೂರು. 1940ರ ಮಾರ್ಚಿನಿಂದ ಆಕಾಶವಾಣಿ ಅದಕ್ಕೆ ನಿಷೇಧ ಹಾಕಿತು. ಆ ಬಾಗಿಲು ಭಾಗಶಃವಾದರೂ ಮತ್ತೆ ತೆರೆದದ್ದು 1971ರಲ್ಲಿ. ಆ ಮೂವತ್ತು ವರ್ಷ ನಮ್ಮ ನಾಟಕ ಕಂಪನಿಗಳಾಗಲೀ ಹಳ್ಳಿಯ ಮಾಸ್ತರರಾಗಲೀ ಹಾರ್ಮೋನಿಯಂ ಬಿಡಲಿಲ್ಲ ಎಂಬುದು ಬೇರೆ ಮಾತು. ಇಂದು ಅದೇ ಪೆಟ್ಟಿಗೆ ಸಂಪ್ರದಾಯದ ಗುರುತು.

ಹಳೆಯ ಡಿಜಿಟಲ್ ಸಿಂಥಸೈಜರ್ ಈಗ ಹಾರ್ಮೋನಿಯಂ ಅಂದು ನಿಂತಿದ್ದ ಕಟಕಟೆಯಲ್ಲೇ ನಿಂತಿದೆ. ಆದರೆ ಇಲ್ಲಿ ಆರೋಪ ಹೊರಿಸಿದವರು ತಂಬೂರಿ ವೀಣೆಗಳ ಕಡೆಯವರಷ್ಟೇ ಅಲ್ಲ. ವಿದ್ಯುನ್ಮಾನ ಸಂಗೀತದ ಒಳಗೇ ಒಂದು ಮಡಿವಂತಿಕೆ ಹುಟ್ಟಿದೆ. 'ಅನಲಾಗ್' ಯಂತ್ರಗಳೇ ಜೀವಂತ, 'ಡಿಜಿಟಲ್' ಯಂತ್ರಗಳು ನಿರ್ಜೀವ ಎಂಬ ನಂಬಿಕೆ ಅದು. 1970ರ ಮಿನಿಮೂಗ್ ಅನ್ನು ಮೂಗ್ ಕಂಪನಿ 2016ರಲ್ಲಿ ಮತ್ತೆ ತಯಾರಿಸಿತು. 1978ರ ಎಂಎಸ್-20 ಯಂತ್ರವನ್ನು ಕೋರ್ಗ್ ಕಂಪನಿ 2013ರಲ್ಲಿ ಚಿಕ್ಕದಾಗಿಸಿ ಮಾರುಕಟ್ಟೆಗೆ ತಂದಿತು. ಹಳೆಯ ಅನಲಾಗ್ ಯಂತ್ರಗಳಿಗೆ ಚಿನ್ನದ ಬೆಲೆ ಬಂದರೆ, ಅದೇ ವಯಸ್ಸಿನ ಡಿಜಿಟಲ್ ಪೆಟ್ಟಿಗೆಗಳು ಬಹುಕಾಲ ಅಟ್ಟ ಸೇರಿದ್ದವು.

ಎರಡಕ್ಕೂ ಇರುವ ವ್ಯತ್ಯಾಸವೇನು? ಅನಲಾಗ್ ಯಂತ್ರದಲ್ಲಿ ವಿದ್ಯುತ್ ಮಂಡಲವೊಂದು ನೇರವಾಗಿ ಕಂಪಿಸುತ್ತದೆ. ಆ ಕಂಪನದಲ್ಲಿ ಬೇಡವಾದ ಭಾಗವನ್ನು ಶೋಧಕದಿಂದ ಸೋಸಿ ಬೇಕಾದ ನಾದ ಪಡೆಯುತ್ತಾರೆ. ಕಲ್ಲು ಕೆತ್ತಿ ಮೂರ್ತಿ ಬಿಡಿಸಿದಂತೆ. ಪ್ರತಿ ಕೆಲಸಕ್ಕೂ ಒಂದು ತಿರುಗುಗುಂಡಿ, ಕೈಗೆ ತಕ್ಕಂತೆ ದನಿ. ಆದರೆ ಬಿಸಿಲೇರಿದರೆ ಹಳೆಯ ಯಂತ್ರಗಳ ಶ್ರುತಿ ಜಾರುತ್ತಿತ್ತು, ಮಿನಿಮೂಗ್‌ನಂಥದು ಒಂದು ಸಲಕ್ಕೆ ಒಂದೇ ಸ್ವರ ನುಡಿಸುತ್ತಿತ್ತು. ಡಿಜಿಟಲ್ ಯಂತ್ರದಲ್ಲಿ ಕಂಪನವೆಂಬುದು ಅಂಕಿಗಳ ಸಾಲು. ಲೆಕ್ಕ ಮಾಡಿ, ಕೊನೆಯಲ್ಲಿ ಆ ಅಂಕಿಗಳನ್ನು ವಿದ್ಯುತ್ತಾಗಿ, ಸದ್ದಾಗಿ ಮಾರ್ಪಡಿಸುತ್ತದೆ.

ಈ ಲೆಕ್ಕದಿಂದ ಹೊಸ ನಾದ ಹೊರಟ ಕತೆ ಕೇಳುವಂಥದು. 1967ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಚೌನಿಂಗ್ ಎಂಬ ಸಂಗೀತಗಾರರು ಗಣಕದಲ್ಲಿ ಸ್ವರವನ್ನು ಅಲುಗಿಸಿ ನೋಡುತ್ತಿದ್ದರು. ಪಿಟೀಲಿನ ತಂತಿಯ ಮೇಲೆ ಬೆರಳನ್ನು ಸೆಕೆಂಡಿಗೆ ಐದಾರು ಸಲ ಅಲುಗಿಸಿದರೆ ಸ್ವರ ನಡುಗಿದಂತೆ ಕೇಳುತ್ತದೆ. ಈ ನಡುಕವನ್ನು ಯಾವ ಬೆರಳಿಗೂ ಸಾಧ್ಯವಿಲ್ಲದಷ್ಟು, ಸೆಕೆಂಡಿಗೆ ನೂರಾರು ಸಲಕ್ಕೆ ಏರಿಸಿದರೆ? ಆಗ ಕಿವಿಗೆ ನಡುಕ ಕೇಳಿಸುವುದೇ ಇಲ್ಲ. ಬದಲಿಗೆ ಗಂಟೆಯಂತೆ, ತಮಟೆಯಂತೆ, ತುತ್ತೂರಿಯಂತೆ ಬೇರೆಯೇ ಒಂದು ನಾದ ಕೇಳುತ್ತದೆ. ಸಾದಾ ಕಂಪನವೊಂದು ಇನ್ನೊಂದು ಸಾದಾ ಕಂಪನವನ್ನು ಅಲುಗಿಸಿದರೆ ಸಾಕು, ಸಂಕೀರ್ಣ ನಾದ ಹುಟ್ಟುತ್ತದೆ. ಅಮೆರಿಕದ ಆರ್ಗನ್ ತಯಾರಕರು ಇದಕ್ಕೆ ಕಿವಿಗೊಡಲಿಲ್ಲ. ಜಪಾನಿನ ಯಮಾಹಾ ಕಂಪನಿ 1970ರ ದಶಕದಲ್ಲಿ ಇದರ ಬಳಕೆಯ ಹಕ್ಕು ಪಡೆಯಿತು. 1977ರಲ್ಲಿ ಸ್ಟ್ಯಾನ್‌ಫರ್ಡ್‌ಗೆ ಸಿಕ್ಕ ಹಕ್ಕುಪತ್ರ ಮುಂದೆ ಆ ವಿಶ್ವವಿದ್ಯಾಲಯಕ್ಕೆ ಕೋಟ್ಯಂತರ ರೂಪಾಯಿ ಗಳಿಸಿಕೊಟ್ಟಿತು.

1983ರಲ್ಲಿ ಹೊರಬಂದ ಯಮಾಹಾ ಡಿಎಕ್ಸ್7 ಆ ಕಂಡುಹಿಡಿಕೆಯ ಫಲ. 61 ಮನೆಗಳು, ಏಕಕಾಲಕ್ಕೆ 16 ಸ್ವರ, ಒಂದೊಂದು ದನಿಗೂ ಆರು ಕಂಪನಗಳು, ಅವನ್ನು ಜೋಡಿಸಲು 32 ಬಗೆ. ಬೆಲೆ ಸುಮಾರು 2,000 ಡಾಲರು. ಬಿಸಿಲಿರಲಿ, ಚಳಿಯಿರಲಿ, ಅದರ ಶ್ರುತಿ ಅಲುಗುತ್ತಿರಲಿಲ್ಲ. ಒಂದು ಕಂಪನಿಯ ವಾದ್ಯ ಇನ್ನೊಂದು ಕಂಪನಿಯ ವಾದ್ಯದೊಡನೆ ಮಾತನಾಡಲು ಅದೇ ವರ್ಷ ಬಂದ 'ಮಿಡಿ' ಎಂಬ ಸಾಮಾನ್ಯ ಭಾಷೆಯೂ ಅದಕ್ಕೆ ಗೊತ್ತಿತ್ತು. ಒಂದೂವರೆ ಲಕ್ಷಕ್ಕೂ ಹೆಚ್ಚು ಯಂತ್ರಗಳು ಖರ್ಚಾದವು.

ನಮ್ಮ ದೇಶಕ್ಕೆ ಸಿಂಥಸೈಜರ್ ಹೊಸದೇನಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲೇ ಮೂಗ್ ಯಂತ್ರ ಬಂದಿತ್ತು. ಆದರೆ ಅದು ಪ್ರಯೋಗಶಾಲೆಯ ಸೊತ್ತು. ಜನರ ಕಿವಿಗೆ ಈ ನಾದವನ್ನು ತಲುಪಿಸಿದ್ದು ಸಿನಿಮಾ. ತಮಿಳಿನಲ್ಲಿ 1986ರ 'ಪುನ್ನಗೈ ಮನ್ನನ್' ಚಿತ್ರಕ್ಕೆ ಇಳಯರಾಜ ಗಣಕದ ನೆರವಿನಿಂದ ಸಂಗೀತ ನೀಡಿದರು. ಮರುವರ್ಷ ಕನ್ನಡದಲ್ಲಿ ರವಿಚಂದ್ರನ್ ಅವರ 'ಪ್ರೇಮಲೋಕ' ಬಂತು. ಹಂಸಲೇಖ ಅವರ ಆ ಹಾಡುಗಳಲ್ಲಿ ಕೀಬೋರ್ಡು ಹಿನ್ನೆಲೆಯಿಂದ ಮುನ್ನೆಲೆಗೆ ಬಂದಿತ್ತು. ಕ್ಯಾಸೆಟ್ಟಿನಲ್ಲಿ ಕೇಳಿದ್ದನ್ನು ಗಣೇಶನ ಹಬ್ಬದ, ರಾಜ್ಯೋತ್ಸವದ ರಸಮಂಜರಿಯಲ್ಲೂ ಕೇಳಬೇಕೆಂದು ಜನ ಬಯಸಿದರು. ಹಾಗಾಗಿ ಆರ್ಕೆಸ್ಟ್ರಾ ತಂಡಕ್ಕೆ ಕೀಬೋರ್ಡು ಅನಿವಾರ್ಯವಾಯಿತು. 1991ರ ಆರ್ಥಿಕ ಉದಾರೀಕರಣದ ನಂತರ ಆಮದು ಸಲೀಸಾಯಿತು. 1990ರ ದಶಕದ ಕೊನೆಯ ಭಾಗದಲ್ಲಿ ಬಂದ ರೋಲಾಂಡ್ ಎಕ್ಸ್‌ಪಿ-80, ಎಕ್ಸ್‌ಪಿ-60 ಕೀಬೋರ್ಡುಗಳು ನಮ್ಮ ವೇದಿಕೆಗಳಲ್ಲಿ ಬಹುಕಾಲ ಬಾಳಿದವು.

ಇದಕ್ಕೆ ತೆತ್ತ ಬೆಲೆಯನ್ನು ಮರೆಮಾಚಬೇಕಾಗಿಲ್ಲ. ಹತ್ತಾರು ಪಿಟೀಲು ವಾದಕರು ಕೂರುತ್ತಿದ್ದ ಧ್ವನಿಮುದ್ರಣ ಕೋಣೆಯಲ್ಲಿ ಒಬ್ಬ ಕೀಬೋರ್ಡ್ ವಾದಕ ಸಾಕೆಂದಾದಾಗ ಎಷ್ಟೋ ಕಲಾವಿದರ ಅನ್ನಕ್ಕೆ ಕಲ್ಲು ಬಿತ್ತು. ಡಿಎಕ್ಸ್7 ಮೇಲಿನ ಇನ್ನೊಂದು ದೂರೂ ನ್ಯಾಯವಾದದ್ದೇ. ತಿರುಗುಗುಂಡಿಗಳ ಬದಲು ಚಪ್ಪಟೆ ಒತ್ತುಗುಂಡಿಗಳು, ಎರಡು ಸಾಲಿನ ಪುಟ್ಟ ಪರದೆ. ಹೊಸ ನಾದ ಕಟ್ಟುವ ತಾಳ್ಮೆ ಎಲ್ಲರಿಗಿರಲಿಲ್ಲ. ಕಂಪನಿ ಕೊಟ್ಟ ದನಿಗಳನ್ನೇ ಎಲ್ಲರೂ ಬಳಸಿದ್ದರಿಂದ ಒಂದು ಕಾಲದ ಹಾಡುಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕೇಳಿದವು. ಆದರೆ ಇದು ಬಳಸಿದವರ ಸೋಮಾರಿತನವೇ ಹೊರತು ನಾದದ ತಪ್ಪಲ್ಲ.

ನಿಜಕ್ಕೂ ಈ ಯಂತ್ರದ ಗುಣವಿರುವುದು ಅದರ ಕೊರತೆಯಲ್ಲಿಯೇ. ಅದು ಪಿಯಾನೋ ಆಗಲು ಹೋಗಿ ಪಿಯಾನೋ ಆಗಲಿಲ್ಲ, ಗಂಟೆಯಾಗಲು ಹೋಗಿ ಪೂರ್ತಿ ಗಂಟೆಯೂ ಆಗಲಿಲ್ಲ. ನಡುವೆ ಗಾಜು ತಾಕಿದಂಥ ಮೂರನೆಯದೊಂದು ದನಿ ಹುಟ್ಟಿತು. ಬೆರಳು ಮೆಲ್ಲಗೆ ತಾಕಿದರೆ ಮೃದು, ಜೋರಾಗಿ ಬಿದ್ದರೆ ಲೋಹದ ಝಣತ್ಕಾರ. ಸದ್ದು ಹೆಚ್ಚುವುದಷ್ಟೇ ಅಲ್ಲ, ನಾದದ ಬಣ್ಣವೇ ಬದಲಾಗುತ್ತದೆ. ಹಾರ್ಮೋನಿಯಂ ಮೇಲೆ ಹೊರಿಸಿದ್ದ ದೊಡ್ಡ ದೂರು ನೆನಪಿದೆಯಲ್ಲ, ಗಮಕ ಬಾರದೆಂಬುದು? ಕೀಬೋರ್ಡಿನ ಎಡಬದಿಯ ಚಕ್ರ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುತ್ತದೆ. ಡಿಎಕ್ಸ್7ಕ್ಕಂತೂ ಬಾಯಿಂದ ಊದಿ ನಾದವನ್ನು ಏರಿಳಿಸುವ ಸಾಧನವನ್ನೂ ಜೋಡಿಸಬಹುದಿತ್ತು. ನಾಟಕದ ರಾತ್ರಿ ಎಡಗೈಯನ್ನು ಚಕ್ರದ ಮೇಲಿಟ್ಟು ಶಹನಾಯಿ ನುಡಿಸುವ ಹುಡುಗ, ಎಂಬತ್ತು ವರ್ಷಗಳ ಹಿಂದಿನ ಆ ದೂರಿಗೆ ತನಗರಿವಿಲ್ಲದೆಯೇ ಉತ್ತರ ಕೊಡುತ್ತಿರುತ್ತಾನೆ.

ಕೊನೆಯದಾಗಿ ಒಂದು ವ್ಯವಹಾರದ ಮಾತು. ಆ ಕಾಲದ ಅನೇಕ ಡಿಜಿಟಲ್ ವಾದ್ಯಗಳೊಳಗೆ ನಾಣ್ಯದಾಕಾರದ 3 ವೋಲ್ಟಿನ ಬ್ಯಾಟರಿಯೊಂದಿರುತ್ತದೆ. ವಾದಕ ತಾನೇ ಕಟ್ಟಿ ಉಳಿಸಿಕೊಂಡ ದನಿಗಳು ನಿಂತಿರುವುದು ಅದರ ಬಲದ ಮೇಲೆ. ಬ್ಯಾಟರಿ ಸತ್ತರೆ ಯಂತ್ರ ಉಳಿದರೂ ದನಿಗಳು ಅಳಿಸಿಹೋಗುತ್ತವೆ. ಡಿಎಕ್ಸ್7ರಲ್ಲಿ ಅದನ್ನು ಬೆಸುಗೆ ಹಾಕಿ ಕೂರಿಸಿರುವುದರಿಂದ ಬದಲಿಸಲು ಬಲ್ಲವರ ಕೈಯೇ ಬೇಕು. ಅದಕ್ಕೆ ಮೊದಲು ದನಿಗಳನ್ನು ಮಿಡಿ ತಂತಿಯ ಮೂಲಕ ಗಣಕಕ್ಕೆ ಇಳಿಸಿಕೊಳ್ಳಬಹುದು. ಅದರ 32 ದನಿಗಳಿಗೂ ಸೇರಿ ಬೇಕಾದದ್ದು 4,096 ಬೈಟು ಮಾತ್ರ; ಈ ಲೇಖನವನ್ನು ಗಣಕದಲ್ಲಿಡಲು ಅದರ ಹಲವು ಪಟ್ಟು ಜಾಗ ಬೇಕು.

ಹೊಸದುರ್ಗದಲ್ಲೋ ಹೊಳಲ್ಕೆರೆಯಲ್ಲೋ ನಿಂತುಹೋದ ಆರ್ಕೆಸ್ಟ್ರಾ ತಂಡವೊಂದರ ಮನೆಯಲ್ಲಿ ಬಟ್ಟೆ ಸುತ್ತಿಟ್ಟ ಹಳೆಯ ಕೀಬೋರ್ಡು ಇದ್ದೀತು. ಗುಜರಿಗೆ ಹಾಕುವ ಮುನ್ನ ಒಮ್ಮೆ ವಿದ್ಯುತ್ ಕೊಟ್ಟು ನೋಡಿ. ಒಂದು ತಲೆಮಾರು ಕೇಳಿ ಕುಣಿದ ದನಿ ಅದರಲ್ಲಿ ಇನ್ನೂ ಇರಬಹುದು.