ಶುಶ್ರೂಷೆಯ ಎರಡು ಮಾರ್ಗಗಳು

ಮನೆಯಲ್ಲಿ ಒಬ್ಬರಿಗೆ ಘೋರ ವ್ಯಾಧಿಯೊದಗಿದರೆ ಅದು ಆ ಒಬ್ಬರ ದೇಹದಲ್ಲಿ ಮಾತ್ರ ನಿಲ್ಲುವುದಿಲ್ಲ. ಮನೆಯವರೆಲ್ಲರ ದಿನಚರಿಯನ್ನೂ ನಿದ್ರೆಯನ್ನೂ ಮಾತಿನ ಧಾಟಿಯನ್ನೂ ಬದಲಿಸಿಬಿಡುತ್ತದೆ. ವಾಚಕರಲ್ಲಿ ಅನೇಕರು ಇದನ್ನು ಸ್ವಾನುಭವದಿಂದಲೇ ಬಲ್ಲಿರಿ. ಯುದ್ಧಗಳನ್ನೂ ಒಪ್ಪಂದಗಳನ್ನೂ ಸವಿಸ್ತಾರವಾಗಿ ನಿರೂಪಿಸುವ ಇತಿಹಾಸವು ರೋಗಿಯ ಮಂಚದ ಪಕ್ಕದಲ್ಲಿ ಕುಳಿತವರ ವಿಷಯದಲ್ಲಿ ಸಾಮಾನ್ಯವಾಗಿ ಮೌನ ತಾಳುತ್ತದೆ. ಆದರೆ ಒಂದು ಮನೆಯ ಶುಶ್ರೂಷೆಯ ವೃತ್ತಾಂತವು ಒಂದು ದೇಶದ ಚರಿತ್ರೆಯ ಭಾಗವೇ ಆದ ನಿದರ್ಶನವೊಂದುಂಟು. ಅಮೆರಿಕೆಯ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟರ ಮನೆಯ ವೃತ್ತಾಂತವದು.

1920ರಲ್ಲಿ ಉಪಾಧ್ಯಕ್ಷ ಪದವಿಗೆ ಸ್ಪರ್ಧಿಸಿ ಸೋತಿದ್ದ ರೂಸ್‌ವೆಲ್ಟರು ಮರುವರ್ಷದ ಆಗಸ್ಟ್ ತಿಂಗಳಲ್ಲಿ ಕೆನಡಾ ದೇಶದ ಕ್ಯಾಂಪೊಬೆಲೊ ದ್ವೀಪದಲ್ಲಿದ್ದ ತಮ್ಮ ಬೇಸಗೆಯ ಮನೆಗೆ ಹೋಗಿದ್ದರು. ಆಗ ಅವರಿಗೆ 39 ವರ್ಷ; ಐವರು ಮಕ್ಕಳ ತಂದೆ. ಆಗಸ್ಟ್ 10ರಂದು ಚಳಿಯೆಂದು ಮಲಗಿದವರು ಎರಡು ದಿನಗಳೊಳಗೆ ನಿಲ್ಲಲಾರದವರಾದರು. ಹತ್ತಿರದಲ್ಲಿ ಆಸ್ಪತ್ರೆಯಿರಲಿಲ್ಲ. ಪತ್ನಿ ಎಲಿನಾರ್ ರೋಗಿಯ ಕೋಣೆಯಲ್ಲಿಯೇ ಮಲಗಿ, ಸ್ನಾನ, ಆಹಾರ, ಮಲಮೂತ್ರಗಳ ಸೇವೆಯನ್ನೆಲ್ಲ ತಾವೇ ವಹಿಸಿಕೊಂಡರು. ಆಕೆಗೆ ನೆರವಾದವರು ಲೂಯಿ ಹೌ ಎಂಬ ಮಿತ್ರರು. ಹಿಂದೆ ಪತ್ರಕರ್ತರಾಗಿದ್ದ, ಸ್ವತಃ ಉಬ್ಬಸದಿಂದ ನರಳುತ್ತಿದ್ದ ಕೃಶಕಾಯರವರು. 1918ರಲ್ಲಿ ಪತಿಯು ಅನ್ಯಸ್ತ್ರೀಯಲ್ಲಿ ಅನುರಕ್ತರಾಗಿದ್ದುದು ತಿಳಿದುಬಂದು ಆ ದಾಂಪತ್ಯದಲ್ಲಿ ಆಳವಾದ ಬಿರುಕು ಮೂಡಿದ್ದಿತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಆ ನೋವು ಮಾಸದಿದ್ದಾಗಲೇ ಎಲಿನಾರ್ ಈ ಸೇವೆಗೆ ನಿಂತರು.

ಪ್ರೀತಿಯಿದ್ದ ಮಾತ್ರಕ್ಕೆ ಶುಶ್ರೂಷೆಯು ಸರಿಯಾಗಿರುವುದೆಂದು ಹೇಳಲಾಗದು. ವೃದ್ಧ ಶಸ್ತ್ರವೈದ್ಯ ಕೀನ್ ಎಂಬುವರು ಬೆನ್ನುಹುರಿಯಲ್ಲಿ ರಕ್ತ ಹೆಪ್ಪುಗಟ್ಟಿದೆಯೆಂದು ಬಗೆದು ಕಾಲುಗಳನ್ನು ಬಲವಾಗಿ ತಿಕ್ಕಬೇಕೆಂದು ವಿಧಿಸಿದರು. ಎಲಿನಾರ್ ಮತ್ತು ಹೌ ದಿನಗಟ್ಟಲೆ ಹಾಗೆಯೇ ಮಾಡಿದರು. ರೋಗಿಗೆ ಅದು ಅಸಹ್ಯ ವೇದನೆಯಾಗಿದ್ದಿತು. ಆಗಸ್ಟ್ 25ರಂದು ಬಾಸ್ಟನ್ನಿನ ವೈದ್ಯ ರಾಬರ್ಟ್ ಲವೆಟ್ ಬಂದು ಪರೀಕ್ಷಿಸಿ, ಇದು ಶಿಶುಪಕ್ಷವಾತ, ಎಂದರೆ ಪೋಲಿಯೋ ಎಂದು ನಿರ್ಣಯಿಸಿ, ತಿಕ್ಕುವುದನ್ನು ಕೂಡಲೇ ನಿಲ್ಲಿಸಿದರು. ಆ ವ್ಯಾಧಿಯ ಆರಂಭದಲ್ಲಿ ಸ್ನಾಯುಗಳಿಗೆ ವಿಶ್ರಾಂತಿಯೇ ಔಷಧ. (2003ರಲ್ಲಿ ಕೆಲವು ಸಂಶೋಧಕರು ಅದು ಗಿಲಾನ್ ಬಾರೆ ಎಂಬ ಬೇರೊಂದು ನರವ್ಯಾಧಿಯಾಗಿರಬಹುದೆಂದು ವಾದಿಸಿದ್ದಾರೆ.) ಸೇವೆ ಮಾಡುವ ಕೈಗೆ ಪ್ರೀತಿಯಷ್ಟೇ ಸರಿಯಾದ ತಿಳಿವಳಿಕೆಯೂ ಬೇಕು.

ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಆರು ವಾರಗಳಿದ್ದು, ಹೇಳಿಕೊಳ್ಳುವಂತಹ ಸುಧಾರಣೆಯನ್ನು ಕಾಣದೆ ರೂಸ್‌ವೆಲ್ಟರು ಅಕ್ಟೋಬರ್ ಕೊನೆಯಲ್ಲಿ ಮನೆಗೆ ಬಂದರು. ನಿಜವಾದ ಪ್ರಶ್ನೆಯು ಅಲ್ಲಿಂದ ಆರಂಭವಾಯಿತು. ತಾಯಿ ಸಾರಾ ಅವರು ಮಗನನ್ನು ಹಡ್ಸನ್ ನದೀತೀರದ ಹೈಡ್ ಪಾರ್ಕ್ ಎಂಬ ಪೂರ್ವಿಕರ ಎಸ್ಟೇಟಿಗೆ ಕರೆದೊಯ್ದು, ಯಾವ ಆಯಾಸವೂ ಇಲ್ಲದಂತೆ ಸಲಹಬೇಕೆಂದು ಬಯಸಿದರು. ಇದನ್ನು ಹಟವೆಂದು ಹಳಿಯುವುದು ನ್ಯಾಯವಲ್ಲ. ಹೃದ್ರೋಗಿಯಾಗಿದ್ದ ಪತಿಯನ್ನು ಆಕೆ ಅದೇ ಮನೆಯಲ್ಲಿ ಹತ್ತು ವರ್ಷಗಳ ಕಾಲ, 1900ರಲ್ಲಿ ಅವರು ತೀರಿಕೊಳ್ಳುವವರೆಗೆ, ಹೀಗೆಯೇ ಕಾಪಾಡಿಕೊಂಡಿದ್ದರು. ಎಲಿನಾರ್ ಮತ್ತು ಹೌ ಅವರ ಮತವು ಬೇರೆಯಾಗಿದ್ದಿತು. ಕಾಲು ಬಾರದಿದ್ದರೂ ಕಾರ್ಯವು ಬರಬೇಕು. ರೋಗಿಯಿಂದ ಅವನ ಕೆಲಸವನ್ನು ಕಿತ್ತುಕೊಂಡರೆ ಉಳಿದ ಶಕ್ತಿಯೂ ಕುಂದುವುದೆಂದು ಅವರು ನಂಬಿದ್ದರು. ವೈದ್ಯ ಡ್ರೇಪರರ ಅಭಿಪ್ರಾಯವೂ ಇವರ ಕಡೆಗೇ ಇದ್ದಿತು. ಎರಡೂ ಪಕ್ಷಗಳಲ್ಲಿ ಇದ್ದುದು ಪ್ರೀತಿಯೇ. ಭೇದವಿದ್ದುದು ಪ್ರೀತಿಯು ಹಿಡಿಯಬೇಕಾದ ದಾರಿಯಲ್ಲಿ.

ಈ ವಿವಾದದ ಭಾರವನ್ನು ಹೊತ್ತವರು ಎಲಿನಾರ್. ಹೌ ಅವರು ಆ ಮನೆಯಲ್ಲಿಯೇ ವಾಸಕ್ಕೆ ಬಂದುದರಿಂದ ಸ್ಥಳ ಸಾಲದಾಗಿ, ಆಕೆ ಮಕ್ಕಳ ಕೋಣೆಯಲ್ಲಿ ಮಲಗಬೇಕಾಯಿತು. ತನ್ನ ಕೋಣೆ ಹೋಯಿತೆಂದು 15 ವರ್ಷದ ಮಗಳು ಆನ್ನಾ ಮುನಿದಳು. ಆ ಚಳಿಗಾಲವನ್ನು ತಮ್ಮ ಬಾಳಿನ ಅತ್ಯಂತ ಕಷ್ಟದ ಕಾಲವೆಂದು ಎಲಿನಾರ್ ಆಮೇಲೆ ಬರೆದಿದ್ದಾರೆ. ಕಿರಿಯ ಮಕ್ಕಳಿಬ್ಬರಿಗೆ ಪುಸ್ತಕ ಓದಿ ಹೇಳುತ್ತಿದ್ದಾಗ ಒಂದು ದಿನ ದುಃಖವು ಒತ್ತರಿಸಿ ಬಂದು, ಬಹಳ ಹೊತ್ತು ಅಳುವನ್ನು ತಡೆಯಲಾರದೆ ಹೋದುದನ್ನೂ ಆಕೆ ಮರೆಮಾಚಿಲ್ಲ. ಶುಶ್ರೂಷೆ ಮಾಡುವವರಿಗೂ ಒಂದು ಆಸರೆ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವೇಕೆ?

ಪತಿಯ ಹೆಸರು ಜನಮನದಿಂದ ಮರೆಯಾಗಬಾರದೆಂದು ಸಂಕೋಚ ಸ್ವಭಾವದ ಎಲಿನಾರ್ 1922ರಲ್ಲಿ ಪಕ್ಷದ ಮಹಿಳಾ ವಿಭಾಗದ ಕೆಲಸಕ್ಕೆ ಇಳಿದರು. ಹೌ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತು ಆಕೆಯ ಭಾಷಣದ ದೋಷಗಳನ್ನು ತಿದ್ದುತ್ತಿದ್ದರು. 1924ರ ಜೂನ್ 26ರಂದು ನ್ಯೂಯಾರ್ಕಿನ ಮಹಾಸಭೆಯಲ್ಲಿ ರೂಸ್‌ವೆಲ್ಟರು ಉಕ್ಕಿನ ಪಟ್ಟಿಗಳನ್ನು ಕಾಲಿಗೆ ಬಿಗಿದು, 16 ವರ್ಷದ ಮಗ ಜೇಮ್ಸ್‌ನ ಆಸರೆಯಿಂದ ವೇದಿಕೆಯನ್ನು ಸಮೀಪಿಸಿ, ಊರುಗೋಲುಗಳ ಮೇಲೆ ನಿಂತು ಮಾತನಾಡಿದರು. ಅದೇ ವರ್ಷ ಜಾರ್ಜಿಯಾ ಪ್ರಾಂತದ ವಾರ್ಮ್ ಸ್ಪ್ರಿಂಗ್ಸ್‌ನ ಬೆಚ್ಚನೆಯ ನೀರಿನಲ್ಲಿ ಈಜಿ ಹಿತವನ್ನು ಕಂಡರು. 1926ರಲ್ಲಿ ಸುಮಾರು ಎರಡು ಲಕ್ಷ ಡಾಲರುಗಳಿಗೆ ಆ ಸ್ಥಳವನ್ನೇ ಕೊಂಡು, 1927ರಲ್ಲಿ ಇತರ ರೋಗಿಗಳಿಗಾಗಿ ಸಂಸ್ಥೆಯನ್ನಾಗಿ ಮಾಡಿದರು. ಆ ಕಾಲದ ವರ್ಣಭೇದದಿಂದಾಗಿ ಕಪ್ಪು ಜನಾಂಗದ ರೋಗಿಗಳಿಗೆ ಮಾತ್ರ ಅಲ್ಲಿ ಪ್ರವೇಶವಿರಲಿಲ್ಲ. ಅವರಿಗಾಗಿ ಟಸ್ಕೆಗಿಯಲ್ಲಿ ಕೇಂದ್ರ ತೆರೆದುದು 1941ರಲ್ಲಿ.

ರೂಸ್‌ವೆಲ್ಟರು 1928ರಲ್ಲಿ ನ್ಯೂಯಾರ್ಕಿನ ಗವರ್ನರರಾಗಿಯೂ 1932ರಲ್ಲಿ ರಾಷ್ಟ್ರಾಧ್ಯಕ್ಷರಾಗಿಯೂ ಚುನಾಯಿತರಾದರು. ಆದರೆ ಅವರು ಆಸರೆಯಿಲ್ಲದೆ ಮತ್ತೆಂದೂ ನಡೆಯಲಿಲ್ಲ. ಹಾಗಾದರೆ ಆ ಶುಶ್ರೂಷೆಯು ವಿಫಲವಾಯಿತೇ? ಗುಣವಾಗುವುದೆಂದರೆ ಮೊದಲಿನಂತೆಯೇ ಆಗುವುದೆಂದು ನಾವು ಭಾವಿಸುತ್ತೇವೆ. ಇಲ್ಲಿ ದೇಹವು ಮೊದಲಿನಂತಾಗಲಿಲ್ಲ. ಬಾಳು ಮಾತ್ರ ಮರಳಿ ಕೈಗೆ ಬಂದಿತು. 1938ರಲ್ಲಿ ಅವರು ಸ್ಥಾಪಿಸಿದ ರಾಷ್ಟ್ರೀಯ ಪ್ರತಿಷ್ಠಾನವು ಸಾಮಾನ್ಯ ಜನರ ಚಿಲ್ಲರೆ ಕಾಸುಗಳನ್ನು ಕೂಡಿಸಿ ಸಂಶೋಧನೆಗೆ ನೆರವಾಯಿತು. ಅದರ ಫಲವಾಗಿ ಜೋನಾಸ್ ಸಾಲ್ಕ್ ಸಿದ್ಧಪಡಿಸಿದ ಲಸಿಕೆಯು ಪರಿಣಾಮಕಾರಿಯೆಂದು 1955ರ ಏಪ್ರಿಲ್ 12ರಂದು, ರೂಸ್‌ವೆಲ್ಟರು ತೀರಿಕೊಂಡ ಹತ್ತನೆಯ ವರ್ಷದ ದಿನ, ಪ್ರಕಟವಾಯಿತು. ನಮ್ಮ ದೇಶದಲ್ಲಿ ಕಾಡು ವೈರಾಣುವಿನಿಂದಾದ ಪೋಲಿಯೋದ ಕೊನೆಯ ಪ್ರಕರಣವು 2011ರ ಜನವರಿಯಲ್ಲಿ ಕಂಡುಬಂದು, 2014ರ ಮಾರ್ಚ್ 27ರಂದು ಭಾರತವು ಪೋಲಿಯೋಮುಕ್ತವೆಂಬ ಪ್ರಮಾಣಪತ್ರವು ದೊರೆಯಿತು.

ಪ್ರಿಯ ವಾಚಕರೇ, ಅಪಘಾತದಿಂದಲೋ ಪಾರ್ಶ್ವವಾಯುವಿನಿಂದಲೋ ನೊಂದವರು ನಿಮ್ಮ ಮನೆಯಲ್ಲಿ ಇರಬಹುದು. ಅವರಿಗೆ ಅನ್ನವನ್ನೂ ಔಷಧವನ್ನೂ ಕೊಡುವುದರ ಜೊತೆಗೆ, ಅವರಿಂದ ಸಾಧ್ಯವಾದ ಒಂದು ಕೆಲಸವನ್ನೂ ಮನೆಯ ವಿಚಾರಗಳಲ್ಲಿ ಮಾತನಾಡುವ ಹಕ್ಕನ್ನೂ ಹಿಂದಿರುಗಿಸಿರಿ. ಹಾಗೆಯೇ, ಹಗಲಿರುಳು ಅವರ ಬಳಿ ಕುಳಿತಿರುವವರನ್ನು ಒಂದು ಘಳಿಗೆ ಎಬ್ಬಿಸಿ, ಆ ಜಾಗದಲ್ಲಿ ನೀವು ಕುಳಿತುಕೊಳ್ಳಿರಿ.