ಹಡಗಿನ ಮೇಲೆ ಕಲಿತ ಇಂಗ್ಲಿಷ್

ಉದುಮ, ಪಾಲಕುನ್ನು, ಕೋಟಿಕುಳಂ, ಬೇಕಲ, ತಳಂಗರೆ. ಕಾಸರಗೋಡಿನ ಈ ಕಡಲ ಬದಿಯ ಊರುಗಳಲ್ಲಿ ಹಡಗಿನ ಕೆಲಸಕ್ಕೆ ಹೋದವರಿಲ್ಲದ ಕೇರಿ ಸಿಗುವುದು ಕಷ್ಟ. ಹಳೆಯ ತಲೆಮಾರಿನಲ್ಲಿ ಎರಡೋ ಮೂರೋ ತರಗತಿಗೆ ಶಾಲೆ ಬಿಟ್ಟು, ಮುಂಬಯಿಗೆ ಹೋಗಿ, ಸಿಡಿಸಿ ಪುಸ್ತಕ ಮಾಡಿಸಿಕೊಂಡು ಹಡಗು ಹತ್ತಿದವರು ಅನೇಕರು. ಊರಿಗೆ ಮರಳಿದಾಗ ಅವರ ಬಾಯಲ್ಲಿ ಒಂದು ಬಗೆಯ ಇಂಗ್ಲಿಷ್ ಇರುತ್ತಿತ್ತು. ವ್ಯಾಕರಣದ ಕೈಗೆ ಸಿಗದ ಇಂಗ್ಲಿಷ್, ಆದರೆ ರಾಟರ್‌ಡ್ಯಾಮಿನಲ್ಲೂ ಸಿಂಗಾಪುರದಲ್ಲೂ ಕೆಲಸ ನಡೆಸಿಕೊಟ್ಟ ಇಂಗ್ಲಿಷ್. ಶಾಲೆ ಕಾಣದ ದೊಡ್ಡವರಿಗೆ ಇಂಗ್ಲಿಷ್ ಕಲಿಸುವುದು ಹೇಗೆ ಎಂದು ಇಂದು ತಲೆ ಕೆಡಿಸಿಕೊಳ್ಳುವವರು ಈ ಹಡಗಿನವರ ಚರಿತ್ರೆಯನ್ನು ಒಮ್ಮೆ ನೋಡಬೇಕು. ಅದು ತಲೆಕೆಳಗಾಗಿ ಶುರುವಾಗುತ್ತದೆ. ಮೊದಲು ಭಾಷೆ ಕಲಿಯಬೇಕಾಗಿ ಬಂದದ್ದು ಕೆಲಸದವರಿಗಲ್ಲ, ಸಾಹೇಬರಿಗೆ.

1811ರಲ್ಲಿ ಕಲ್ಕತ್ತೆಯಲ್ಲಿ ಥಾಮಸ್ ರೋಬಕ್ ಎಂಬ ಸೇನಾಧಿಕಾರಿ ಇಂಗ್ಲಿಷ್–ಹಿಂದೂಸ್ತಾನಿ ನಿಘಂಟೊಂದನ್ನು ಅಚ್ಚು ಹಾಕಿಸಿದ. ಅದರಲ್ಲಿದ್ದದ್ದು ಹಡಗಿನ ಮಾತುಗಳು ಮಾತ್ರ: ಹಗ್ಗ, ಹಾಯಿ, ಲಂಗರು, ಮತ್ತೆ ಅಪ್ಪಣೆಗಳು. ಭಾರತದ ನಾವಿಕರನ್ನು ಆಗ ಲಸ್ಕರ್ ಎನ್ನುತ್ತಿದ್ದರು. ಅವರಿಗೆ ಅಪ್ಪಣೆ ಕೊಡಬೇಕಾದ ಇಂಗ್ಲಿಷ್ ಅಧಿಕಾರಿಗಳಿಗಾಗಿ ಈ ಪುಸ್ತಕ. ಇದನ್ನು ಮತ್ತೆ ಮತ್ತೆ ತಿದ್ದಿ ಅಚ್ಚು ಹಾಕಿದರು. 1882ರಲ್ಲಿ ಜಾರ್ಜ್ ಸ್ಮಾಲ್ ಹೊರತಂದಾಗ ಅದರ ಹೆಸರೇ ‘ಲಸ್ಕರಿ ಡಿಕ್ಷನರಿ’ ಎಂದಾಗಿತ್ತು. ಎಪ್ಪತ್ತು ವರ್ಷ ಬೇಡಿಕೆ ಉಳಿಸಿಕೊಂಡ ಪುಸ್ತಕ ಎಂದರೆ, ಅಷ್ಟು ಕಾಲವೂ ಸಾಹೇಬರೇ ಕಲಿಯುತ್ತಿದ್ದರು ಎಂದರ್ಥ.

ಲಸ್ಕರಿ ಎಂಬುದು ಹಿಂದೂಸ್ತಾನಿಯ ಮೇಲೆ ಅರಬಿ, ಪಾರ್ಸಿ, ಪೋರ್ಚುಗೀಸ್, ಮಲಯಾಳ ಎಲ್ಲವೂ ಬಂದು ಕುಳಿತ ಮಾತು. ಭಾರ ಇಳಿಸುವಾಗ ಕೂಗುತ್ತಿದ್ದ ‘ಆರಿಯಾ’ ಪೋರ್ಚುಗೀಸಿನದು. ನಮ್ಮ ಕರಾವಳಿಯ ಮನೆ ಮನೆಯ ಬಾವಿಕಟ್ಟೆಯಲ್ಲಿರುವ ‘ಬಾಲ್ದಿ’ಯೂ ಅದೇ ಭಾಷೆಯಿಂದ ಬಂದದ್ದು. ಹಡಗಿನ ಗಾಲಿ ಹಿಡಿಯುವವನು ‘ಸುಕ್ಕಾನಿ’. ಕನ್ನಡದ ಚುಕ್ಕಾಣಿಯ ಅಣ್ಣತಮ್ಮ. ‘ಸೆರಾಂಗ್’ ಡೆಕ್ಕಿನ ಆಳುಗಳ ಮೇಸ್ತ್ರಿ, ಕೇರಳದ ದೋಣಿಗಳಲ್ಲಿ ಇಂದಿಗೂ ‘ಸ್ರಾಂಕ್’. ಅವನ ಕೈಕೆಳಗಿನ ‘ಟಿಂಡಾಲ್’ ನಮ್ಮ ಮೀನು ದೋಣಿಗಳ ತಾಂಡೇಲ. ಎಲ್ಲಕ್ಕಿಂತ ಸೊಗಸಾದದ್ದು ಇನ್ನೊಂದಿದೆ. ಹಡಗಿನ ಮೇಟ್ ಸಾಹೇಬರನ್ನು ಲಸ್ಕರರು ಕರೆಯುತ್ತಿದ್ದುದು ‘ಮಾಲಿಂ’ ಎಂದು. ಅರಬಿಯ ಮುಅಲ್ಲಿಂ ಅದು. ಮದರಸದಲ್ಲಿ ಮಕ್ಕಳಿಗೆ ಓದಿಸುವವರೂ ಮುಅಲ್ಲಿಂ, ಕಡಲಲ್ಲಿ ದಾರಿ ತೋರಿಸುವವನೂ ಮುಅಲ್ಲಿಂ. ಹಿಂದೂಸ್ತಾನಿ ಕಲಿಯಬೇಕಾದ ಬ್ರಿಟಿಷ್ ಮೇಟ್‌ಗಳಿಗಾಗಿ ಮುಂದೆ ‘ಮಾಲಿಂ ಸಾಹಿಬ್ಸ್ ಹಿಂದೂಸ್ತಾನಿ’ ಎಂಬ ಕೈಪಿಡಿಯೇ ಬಂತು.

ಇದು ಸಾಹೇಬರ ದೊಡ್ಡತನ ಎಂದುಕೊಳ್ಳಬೇಡಿ, ಲೆಕ್ಕಾಚಾರ. ಸೆರಾಂಗ್ ತನ್ನ ಊರಿನವರನ್ನೇ, ನೆಂಟರನ್ನೇ ಕರೆತರುತ್ತಿದ್ದ. ಅವರ ಭಾಷೆ ಒಂದು, ಅಡುಗೆ ಒಂದು. ಸಾಹೇಬರಿಗೂ ಆಳುಗಳಿಗೂ ನಡುವೆ ಅವನೊಬ್ಬನೇ ಸೇತುವೆ. ಸಂಬಳದ ಕರಾರು ಇಂಗ್ಲಿಷಿನಲ್ಲಿ. ಅದರಲ್ಲಿ ಏನಿದೆ ಎಂಬುದು ಅವನು ಹೇಳಿದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಅರಬಿ ಲಿಪಿಯಲ್ಲಿ ಮಾಲೆ ಹಾಡುಗಳನ್ನು ಸರಾಗ ಓದುತ್ತಿದ್ದವರೂ ಆ ಕಾಗದದ ಮುಂದೆ ನಿರಕ್ಷರಿಗಳೇ, ಹೆಬ್ಬೆಟ್ಟಿನವರೇ. ಲಸ್ಕರರ ಸಂಬಳ ಯುರೋಪಿನ ನಾವಿಕರದಕ್ಕಿಂತ ಎಷ್ಟೋ ಕಡಿಮೆ, ಮೂರರಲ್ಲಿ ಒಂದು ಪಾಲು ಅಥವಾ ಅದಕ್ಕೂ ಕೆಳಗೆ. 1914ರ ಹೊತ್ತಿಗೆ ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ಇಂಥವರು 50,000ಕ್ಕೂ ಹೆಚ್ಚು ಮಂದಿ ಇದ್ದರು. ಇವರಿಗೆ ಇಂಗ್ಲಿಷ್ ಬಾರದಿರುವುದರಿಂದ ಕಂಪನಿಗಳಿಗೆ ನಷ್ಟವೇನೂ ಇರಲಿಲ್ಲ, ಲಾಭವೇ ಇತ್ತು.

ಆ ಕಾಲದ ಎರಡು ಕಾಯ್ದೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. 1906ರ ಬ್ರಿಟಿಷ್ ಕಾಯ್ದೆ ಅಪ್ಪಣೆ ಅರ್ಥವಾಗುವಷ್ಟು ಇಂಗ್ಲಿಷ್ ಬಾರದ ವಿದೇಶಿ ನಾವಿಕನನ್ನು ಸೇರಿಸಿಕೊಳ್ಳಬಾರದು ಎಂದಿತು. ಆದರೆ ಲಸ್ಕರರಿಗೆ ವಿನಾಯಿತಿ ಕೊಟ್ಟಿತು! 1915ರ ಅಮೆರಿಕದ ಕಾಯ್ದೆ ಹಡಗಿನ ಪ್ರತಿ ವಿಭಾಗದಲ್ಲೂ ಶೇ. 75 ಮಂದಿಗೆ ಅಧಿಕಾರಿಗಳ ಅಪ್ಪಣೆ ಅರ್ಥವಾಗಲೇಬೇಕು ಎಂದಿತು. ಅದರ ಹಿಂದೆ ಏಷ್ಯಾದವರನ್ನು ಅಮೆರಿಕದ ಹಡಗುಗಳಿಂದ ಹೊರಗಿಡುವ ಉದ್ದೇಶವೂ ಇತ್ತು. ಒಂದು ಕಡೆ ಅಗ್ಗದ ಆಳು ಬೇಕು, ಹಾಗಾಗಿ ಇಂಗ್ಲಿಷ್ ಬೇಡ. ಇನ್ನೊಂದು ಕಡೆ ಆಳೇ ಬೇಡ, ಹಾಗಾಗಿ ಇಂಗ್ಲಿಷ್ ಬೇಕು. ಎರಡೂ ದೇಶಗಳು ಪರೀಕ್ಷೆಯ ಮಾತಾಡಿದವು. ಕಲಿಸುವ ಮಾತು ಈ ಕಾಯ್ದೆಗಳಲ್ಲಿ ಇರಲಿಲ್ಲ.

ಹಾಗಾದರೆ ನಮ್ಮವರು ಕಲಿತದ್ದು ಎಲ್ಲಿ? ಕೆಲಸದಲ್ಲೇ. ಹಗ್ಗ ಕೈಯಲ್ಲಿರುವಾಗ ಹಗ್ಗದ ಹೆಸರು ಕಿವಿಗೆ ಬೀಳುತ್ತದೆ. ತಪ್ಪಾದರೆ ಬೈಗುಳವೂ ಬೀಳುತ್ತದೆ. ನೂರು ಸಲ ಕೇಳಿದ್ದನ್ನು ನೂರ ಒಂದನೇ ಸಲ ತಾನೇ ಹೇಳುತ್ತಾನೆ. ಪುಸ್ತಕವಿಲ್ಲ, ಕರಿಹಲಗೆಯಿಲ್ಲ. ಮನೆಯಲ್ಲಿ ಬ್ಯಾರಿಯನ್ನೋ ಮಲಯಾಳವನ್ನೋ, ಅಂಗಡಿಯಲ್ಲಿ ತುಳು, ಕನ್ನಡಗಳನ್ನು, ಮುಂಬಯಿಯಲ್ಲಿ ಹಿಂದಿಯನ್ನು ಹೀಗೆಯೇ ಕಿವಿಯಿಂದ ಕಲಿತವನಿಗೆ ಇನ್ನೊಂದು ಭಾಷೆ ಕಿವಿಗೆ ಬೀಳುವುದು ಹೊಸ ಸಂಗತಿಯಲ್ಲ. ಸ್ವಾತಂತ್ರ್ಯದ ನಂತರ ಭದ್ರಾ, ಮೇಖಲಾ, ನೌಲಕ್ಷ್ಮಿ ಎಂಬ ತರಬೇತಿ ಹಡಗುಗಳಲ್ಲಿ ಹುಡುಗರಿಗೆ ಕ್ರಮವಾದ ಶಿಕ್ಷಣ ಸಿಗತೊಡಗಿತು.

ಆಮೇಲೆ ಹಡಗುಗಳೇ ಬದಲಾದವು. ಒಂದೇ ಊರಿನ ತಂಡ ಹೋಗಿ ಫಿಲಿಪೈನಿನವರು, ಪೋಲೆಂಡಿನವರು, ನಮ್ಮವರು ಒಟ್ಟಾಗಿ ಕೆಲಸ ಮಾಡುವ ಕಾಲ ಬಂತು. ಸೆರಾಂಗನ ಸೇತುವೆ ಸಾಲದಾಯಿತು. 1977ರಲ್ಲಿ ಅಂತಾರಾಷ್ಟ್ರೀಯ ಕಡಲ ಸಂಸ್ಥೆ ನೌಕಾಯಾನದ ಒಂದು ಸಣ್ಣ ಪದಪಟ್ಟಿಯನ್ನು ಒಪ್ಪಿಕೊಂಡಿತು. 1980ರ ದಶಕದ ಆರಂಭದಲ್ಲಿ ಬ್ರಿಟನ್ನಿನ ನಾವಿಕರೂ ಭಾಷಾತಜ್ಞರೂ ಸೇರಿ ರೇಡಿಯೋ ಮಾತುಕತೆಗೆಂದು ‘ಸೀಸ್ಪೀಕ್’ ಸಿದ್ಧಪಡಿಸಿದರು. 1990ರ ಏಪ್ರಿಲ್ 7ರ ರಾತ್ರಿ ಓಸ್ಲೋದಿಂದ ಡೆನ್ಮಾರ್ಕಿಗೆ ಹೊರಟಿದ್ದ ಸ್ಕ್ಯಾಂಡಿನೇವಿಯನ್ ಸ್ಟಾರ್ ಹಡಗಿಗೆ ಬೆಂಕಿ ಬಿತ್ತು. 159 ಜನ ಸತ್ತರು. ಸಿಬ್ಬಂದಿಯಲ್ಲಿ ಅನೇಕರಿಗೆ ಪ್ರಯಾಣಿಕರ ಮಾತು ತಿಳಿಯದು, ಪ್ರಯಾಣಿಕರಿಗೆ ಅವರದು ತಿಳಿಯದು. ಅಲ್ಲಿಂದ ಮುಂದೆ ಕೆಲಸ ಚುರುಕಾಯಿತು. 2001ರಲ್ಲಿ ಕಡಲ ಸಂವಹನದ ಪ್ರಮಾಣಿತ ವಾಕ್ಯಗಳು ಅಂಗೀಕಾರವಾದವು.

ಈ ವಾಕ್ಯಗಳನ್ನು ಓದಿದರೆ ಶಾಲೆ ಕಾಣದವರನ್ನು ಎದುರಿಗೆ ಕೂರಿಸಿಕೊಂಡು ಬರೆದ ಹಾಗೆ ಕಾಣುತ್ತದೆ. ರೇಡಿಯೋದಲ್ಲಿ ಗೊಂದಲಕ್ಕೆ ಎಡೆಯಿದ್ದರೆ ಮಾತಿಗೆ ಮೊದಲು ಅದು ಯಾವ ಬಗೆಯದೆಂದು ಹೇಳಬೇಕು: ಪ್ರಶ್ನೆಯೋ, ಎಚ್ಚರಿಕೆಯೋ, ಸೂಚನೆಯೋ, ಕೋರಿಕೆಯೋ. ಇಂಥ ಗುರುತುಗಳು ಎಂಟು. ಹದಿನೈದನ್ನು ‘ಫಿಫ್ಟೀನ್’ ಎನ್ನಬಾರದು, ‘ಒನ್ ಫೈವ್’ ಎಂದು ಅಂಕೆ ಅಂಕೆಯಾಗಿ ಹೇಳಬೇಕು. ಫಿಫ್ಟೀನ್ ಮತ್ತು ಫಿಫ್ಟಿ ನಡುವೆ ಎಡವಿದವರಿಗೆ ಇದರ ಬೆಲೆ ಗೊತ್ತು. ‘ಮೇ’, ‘ಮೈಟ್’, ‘ಕುಡ್’ ಮುಂತಾದ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎನ್ನಿಸುವ ಪದಗಳು ಬೇಡ. ಗಾಲಿ ಹಿಡಿದವನು ಕೇಳಿದ ಅಪ್ಪಣೆಯನ್ನು ತಾನೂ ಗಟ್ಟಿಯಾಗಿ ಹೇಳಬೇಕು, ಆಮೇಲೆ ಮಾಡಬೇಕು. ಇದರಲ್ಲಿ ಅರ್ಧದಷ್ಟು ಹಳೆಯ ಡೆಕ್ಕಿನ ಪದ್ಧತಿಯೇ. ಊರಿನ ವಯಸ್ಕರ ತರಗತಿಗಳಲ್ಲಿ ಎ, ಬಿ, ಸಿಯಿಂದ ಶುರುಮಾಡಿ ಮೂರನೇ ವಾರಕ್ಕೆ ‘ಟೆನ್ಸ್’ ಎಂದು ಹೆದರಿಸುವವರಿಗಿಂತ ಹಡಗಿನವರೇ ಜಾಣರು ಎಂಬುದು ನನ್ನ ಅಭಿಪ್ರಾಯ.

ಆದರೆ ಶಾಲೆ ಬಿಟ್ಟವರಿಗೆ ಒಗ್ಗುವ ಇಂಗ್ಲಿಷ್ ತಯಾರಾದ ಹೊತ್ತಿಗೆ ಅಂಥವರಿಗೆ ಹಡಗಿನ ಬಾಗಿಲು ಮುಚ್ಚುತ್ತ ಬಂದಿತ್ತು. ಈಗ ಖಲಾಸಿ ಮಟ್ಟದ ಜಿಪಿ ರೇಟಿಂಗ್ ತರಬೇತಿಗೂ ಹತ್ತನೇ ತರಗತಿ ಪಾಸಾಗಿರಬೇಕು, ಇಂಗ್ಲಿಷಿನಲ್ಲಿ ಶೇ. 40 ಅಂಕ ಬೇಕು. ಸುರಕ್ಷತೆಯ ದೃಷ್ಟಿಯಿಂದ ನಿಯಮವನ್ನು ತಪ್ಪೆನ್ನಲಾರೆವು. ಆದರೂ ಉಪ್ಪ ಮೂರನೇ ತರಗತಿಯ ಓದಿನಲ್ಲಿ ಮೂವತ್ತು ವರ್ಷ ಹಡಗು ನಡೆಸಿದ ಮನೆಯಲ್ಲಿ, ಒಂಬತ್ತಕ್ಕೆ ಶಾಲೆ ಬಿಟ್ಟ ಮಗನಿಗೆ ಅದೇ ಹಡಗಿಲ್ಲ. ಅವನು ಗಲ್ಫಿನ ವೀಸಾ ನೋಡುತ್ತಾನೆ. ಅಲ್ಲಿಗೂ ಹತ್ತು ಪಾಸಾಗದಿದ್ದರೆ ಪಾಸ್‌ಪೋರ್ಟಿನಲ್ಲಿ ಇಸಿಆರ್ ಮುದ್ರೆ, ಹೋಗುವ ಮೊದಲು ವಲಸೆ ಕಚೇರಿಯ ಒಪ್ಪಿಗೆ. ಕೇರಳ ಸಾಕ್ಷರತಾ ಮಿಷನ್ ನಡೆಸುವ ಹತ್ತನೇ ತರಗತಿ ತತ್ಸಮಾನ ಪರೀಕ್ಷೆಯನ್ನು ಹದಿನೇಳು ತುಂಬಿದ, ಏಳನೇ ತರಗತಿ ಪಾಸಾದವರು ಬರೆಯಬಹುದು, ನಮ್ಮ ಕಡೆಯವರು ಕನ್ನಡದಲ್ಲೂ ಬರೆಯಬಹುದು. ಇಂಗ್ಲಿಷ್ ಅಲ್ಲಿಯೂ ಒಂದು ವಿಷಯ.